ತೂಬಿನ ಕಣ್ಣಿಗೆ ಎರಡು ಬೆರಳು

ಭರಣಿ ಮಳೆಯ ಮೊದಲ ಹೊಡೆತ ಬಿದ್ದ ಮಾರನೆಯ ಬೆಳಿಗ್ಗೆ ನಾನು ಸೈಟಿನಲ್ಲಿ ಬಹಳ ಹುರುಪಿನಿಂದ ಓಡಾಡುತ್ತಿದ್ದೆ. ಕುಂದಲಹಳ್ಳಿ ದಾಟಿ ವೈಟ್‌ಫೀಲ್ಡ್ ಕಡೆ ಹೋಗುವಾಗ ಸಿಗುವ ಒಂದು ದಿಣ್ಣೆಯನ್ನು ಮೂರು ಮೆಟ್ಟಿಲಾಗಿ ಕಡಿದು, ಒಂದು ಕಾರ್ಖಾನೆಗೆ ಸಮತಟ್ಟು ಮಾಡಿಕೊಡುವ ಮಣ್ಣಿನ ಕೆಲಸ ನನ್ನದಾಗಿತ್ತು. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಕೆಳಗಿನ ಎರಡು ಮೆಟ್ಟಿಲು ಕಡಿದಾಗಿತ್ತು. ಅಷ್ಟು ಮಳೆ ಸುರಿದಿದ್ದರೂ ಸೈಟಿನಲ್ಲಿ ಒಂದು ಬೊಗಸೆ ನೀರು ನಿಂತಿರಲಿಲ್ಲ. ಎಲ್ಲವೂ ನಾನು ತೆಗೆಸಿದ್ದ ಚರಂಡಿ ಹಿಡಿದು, ದಿಣ್ಣೆಯ ಬುಡದ ಹಳೆಯ ಕಾಲುವೆ ಸೇರಿ, ಕೆಳಗಿನ ಹಳ್ಳಿಯ ಕೆರೆಗೆ ಹೋಗಿಬಿಟ್ಟಿತ್ತು. ನೀರನ್ನು ಎಷ್ಟು ಬೇಗ ಸೈಟಿನಿಂದ ಆಚೆ ಹಾಕುತ್ತೀಯೋ ಅಷ್ಟು ಒಳ್ಳೆಯ ಕಂಟ್ರಾಕ್ಟರ್ ನೀನು ಎಂದು ನನಗೆ ಕೆಲಸ ಕಲಿಸಿದವರು ಹೇಳಿದ್ದರು. ನಾನೂ ಅದನ್ನೇ ನಂಬಿಕೊಂಡು ಬಂದಿದ್ದೆ.

ಆಗ ಒಬ್ಬರು ಇಳಿಜಾರು ಹತ್ತಿ ಬಂದರು. ಅರವತ್ತು ದಾಟಿದ ವಯಸ್ಸು, ಮೊಣಕಾಲ ಮೇಲೆ ಕಟ್ಟಿದ ಪಂಚೆ, ಕೈಯಲ್ಲಿ ಒಂದು ತಾಮ್ರದ ಚೊಂಬು. ಚೊಂಬನ್ನು ನನ್ನ ಮುಂದೆ ಹಿಡಿದರು. ಒಳಗೆ ಕಾವಿ ಕಲಸಿದಂಥ ನೀರು.

"ಇದು ನಿಮ್ದೇ ಅಲ್ವಾ ಸಾಮಿ? ನಮ್ಮ ಕೆರೇಲಿ ಸಿಕ್ತು" ಎಂದರು, ಬಸ್ಸಿನಲ್ಲಿ ಬಿಟ್ಟುಹೋದ ಕೊಡೆ ಹಿಂತಿರುಗಿಸುವವರ ಹಾಗೆ.

ಅವರು ಆ ಹಳ್ಳಿಯ ನೀರುಗಂಟಿ. ಕೆರೆಯ ತೂಬು ಎತ್ತುವುದು, ಇಳಿಸುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ತೀರ್ಮಾನಿಸುವುದು ಅವರ ಮನೆತನಕ್ಕೆ ಬಂದ ಕೆಲಸ. ಕೆರೆಯ ವಿಷಯದಲ್ಲಿ ಊರಿನ ದೊಡ್ಡ ದೊಡ್ಡ ಜಮೀನುದಾರರೂ ಅವರ ಮಾತು ಮೀರುವಂತಿರಲಿಲ್ಲ.

ಎದುರಿಗಿರುವವರ ಬಾಯಿಂದ ದೂರು ಬರುವ ಮೊದಲೇ ಅದನ್ನು ಉಪಕಾರವಾಗಿ ತಿರುಗಿಸಿಬಿಡುವುದು ನನ್ನ ವ್ಯಾಪಾರದ ಅಭ್ಯಾಸ. "ಯಜಮಾನ್ರೇ, ಬೇಸಿಗೇಲಿ ನಿಮ್ಮೂರೋರು ಗಾಡಿ ಕಟ್ಕೊಂಡು ಕೆರೆ ಗೋಡು ಹೊಡೀತೀರಲ್ವಾ ಗದ್ದೆಗೆ? ಈ ಸಲ ನಾನೇ ತಂದು ಹಾಕಿದೀನಿ ಅನ್ಕೊಳ್ಳಿ" ಎಂದೆ. ಅದು ಬರೀ ನುಣುಚಿಕೊಳ್ಳುವ ಮಾತಾಗಿರಲಿಲ್ಲ. ನಿಜಕ್ಕೂ ನಾನು ಹಾಗೆಯೇ ತಿಳಿದಿದ್ದೆ. ಕೆರೆಯ ತಳದಲ್ಲಿ ಕೂಡುವ ಕಪ್ಪು ಮೆಕ್ಕಲಿಗೆ, ಆ ಗೋಡಿಗೆ, ರೈತರು ಜಗಳವಾಡುವುದನ್ನು ಚಿಕ್ಕಂದಿನಿಂದ ನೋಡಿದ್ದೆ. ಕೆರೆಗೆ ಮಣ್ಣು ಹೋದರೆ ಊರಿಗೆ ಲಾಭ ಎನ್ನುವುದು ನನ್ನ ಲೆಕ್ಕ. ನಮ್ಮ ಕಡೆಯ ಮಣ್ಣಿನ ಕೆಲಸದವರೆಲ್ಲ ಮಾಡುತ್ತಿದ್ದ ತಪ್ಪು ಇದೇ.

ಅವರು ನಕ್ಕರು. ಚೊಂಬನ್ನು ಒಂದು ಕಲ್ಲಿನ ಮೇಲಿಟ್ಟು, ಪಕ್ಕದಲ್ಲಿ ಕೂತು, ಸಂಚಿ ಬಿಚ್ಚಿ ಎಲೆಯಡಿಕೆ ಹಾಕಿಕೊಂಡರು. ನನ್ನನ್ನೂ ಕೂರಿಸಿದರು. ಪೂರ್ತಿ ಅಗಿದು ಉಗುಳಿ ಬಂದ ಮೇಲೆ, "ಈಗ ನೋಡಿ" ಎಂದರು. ತಳದಲ್ಲಿ ಒಂದು ಬೆರಳಿನಷ್ಟು ಮರಳು ಕೂತಿತ್ತು. ಮೇಲಿನ ನೀರು ಹಾಗೇ ಕೆಂಪಗಿತ್ತು.

"ಗೋಡು ಅಂದ್ರೆ ಮೇಲ್ಮಣ್ಣು ಸಾಮಿ. ಸಗಣಿ, ಗಂಜ್ಲ, ಕೊಳ್ತ ಎಲೆ, ಎಲ್ಲಾ ಕೂಡ್ಕೊಂಡು ಬರೋದು. ನೀವು ಕಳ್ಸಿರೋದು ಅತ್ತಡಿ ಕೆಳಗಿಂದು. ಇದು ಬಿಸ್ಲನ್ನೇ ಕಂಡಿಲ್ಲ. ಗದ್ದೆಗೆ ಆಕುದ್ರೆ ಒಣಗಿ ಗಾರೆ ನೆಲ ಆಯ್ತದೆ. ನಮ್ಮ ಮನೆ ಮುಂದೆ ಕಣ ಮಾಡ್ಕೊಬೋದು, ಅಷ್ಟೇಯ."

"ಅಷ್ಟೇ ತಾನೇ? ಬೇಸಿಗೇಲಿ ತೆಗೆಸಿಕೊಡ್ತೀನಿ ಬಿಡಿ."

"ಬೇಸಿಗೆ ಮಾತು ಆಮ್ಯಾಕೆ. ಈಗ ಬನ್ನಿ ನನ್ ಜೊತೆ."

ಕೆರೆ ಏರಿಗೆ ಕರೆದುಕೊಂಡು ಹೋದರು. ಏರಿಯಿಂದ ಸ್ವಲ್ಪ ಒಳಗೆ, ನೀರಿನಲ್ಲಿ ಎರಡು ಕಲ್ಲುಕಂಬ ನಿಂತಿದ್ದವು. ಅದು ತೂಬು. ಕಂಬಗಳ ಬುಡದಲ್ಲಿ, ಕೆರೆಯ ತಳದ ಹತ್ತಿರ, ಒಂದು ಚಪ್ಪಡಿಯಲ್ಲಿ ಕೊರೆದ ತೂತು ಇರುತ್ತದೆ. ಅದಕ್ಕೆ ಕಣ್ಣು ಎನ್ನುತ್ತಾರೆ. ಕಣ್ಣಿಗೆ ಮರದ ಬಿರಡೆ, ಬಿರಡೆಗೆ ಉದ್ದನೆಯ ಕೋಲು. ಕೋಲು ಎತ್ತಿದರೆ ನೀರು ಕಣ್ಣಿನೊಳಗೆ ಇಳಿದು, ಏರಿಯ ಅಡಿಯ ಕಲ್ಲುಗಂಡಿಯಲ್ಲಿ ಹರಿದು ಗದ್ದೆ ಬಯಲಿಗೆ ಬರುತ್ತದೆ.

ಪಂಚೆ ಬಿಗಿದುಕೊಂಡು ನೀರಿಗಿಳಿದರು. ಕಂಬದ ಹತ್ತಿರ ಹೋಗಿ ಮುಳುಗಿದರು. ನಾನು ಏರಿಯ ಮೇಲೆ ನಿಂತು ಕಾದೆ. ಬಹಳ ಹೊತ್ತಾಯಿತು ಎಂದು ನನಗೆ ಗಾಬರಿಯಾಗುವ ಹೊತ್ತಿಗೆ ತಲೆ ಮೇಲೆ ಬಂತು.

"ನಿನ್ನೆವರ್ಗೂ ಕಣ್ಣಿಗೂ ಮಣ್ಣಿಗೂ ನಡುವೆ ಒಂದು ಮೊಳ ಇತ್ತು" ಎಂದರು ಮುಖ ಒರೆಸಿಕೊಳ್ಳುತ್ತಾ. "ಈಗ ಗೇಣು, ಮ್ಯಾಕೆ ನಾಕು ಬೆಳ್ಳು. ಒಂದೇ ಮಳೆಗೆ ಸಾಮಿ. ಮಣ್ಣು ಕಣ್ಣಿನ ಮಟ್ಟಕ್ಕೆ ಬಂತು ಅಂದ್ರೆ, ಬಿರಡೆ ಎತ್ತಿದ ತಕ್ಷಣ ಕೆಸರು ಒಳಗೆ ನುಗ್ಗಿ ಕೂತ್ಕೊತದೆ. ಆಮ್ಯಾಕೆ ಏರೀನೇ ಕಡೀಬೇಕು. ಏರಿ ಕಡುದ್ರೆ ಈ ವರ್ಸದ ನೀರು ಓಯ್ತು. ಪುನರ್ವಸು ಮಳೆ ಒತ್ಗೆ ಒಟ್ಲಿಗೆ ನೀರು ಬಿಡ್ಬೇಕು ನಾನು."

ಒಟ್ಲು ಎಂದರೆ ಭತ್ತದ ಸಸಿಮಡಿ. ಪುನರ್ವಸುವಿಗೆ ಇನ್ನೂ ಎರಡು ತಿಂಗಳಿತ್ತು. ಇಡೀ ಹಳ್ಳಿಯ ಆ ವರ್ಷದ ಭತ್ತ ಒಂದು ಗೇಣು ನಾಲ್ಕು ಬೆರಳಿನ ಮೇಲೆ ನಿಂತಿತ್ತು.

ಒಪ್ಪಿಕೊಂಡೆ, ಆದರೆ ಸುಲಭದ ದಾರಿ ಹಿಡಿದೆ. ಖಾಲಿ ಗೋಣಿಚೀಲಗಳಿಗೆ ಮರಳು ತುಂಬಿಸಿ ಚರಂಡಿಗೆ ಅಡ್ಡ ಮೂರು ವರಸೆ ಪೇರಿಸಿದೆ. ಅರ್ಧ ದಿನದ ಕೆಲಸ. ನೀರುಗಂಟಿಯವರು ಬಂದು ನೋಡಿ, "ನೀರನ್ನ ಅಡ್ಡಗಟ್ಟುದ್ರೆ ಅದು ರೇಗ್ತದೆ. ಸುಸ್ತು ಮಾಡ್ಬೇಕು" ಎಂದು ಹೇಳಿ ಹೊರಟುಹೋದರು. ಮುದುಕರ ಮಾತು ಎಂದು ಸುಮ್ಮನಾದೆ.

ಎಂಟು ದಿನಕ್ಕೆ ಎರಡನೇ ಮಳೆ. ನೀರು ನನ್ನ ಚೀಲಗಳನ್ನು ಮುಟ್ಟಲೇ ಇಲ್ಲ. ಅವುಗಳ ಎರಡೂ ತುದಿಯಲ್ಲಿ ಹೊಸ ಕೊರಕಲು ಕೊರೆದುಕೊಂಡು, ಮೊದಲಿಗಿಂತ ಜಾಸ್ತಿ ಮಣ್ಣು ಹೊತ್ತುಕೊಂಡು ಇಳಿಯಿತು. ಚೀಲಗಳು ಕಲ್ಲು ದೇವರ ಹಾಗೆ ನಡುವೆ ಕೂತಿದ್ದವು. ಅವತ್ತು ಮಧ್ಯಾಹ್ನ ನಾನೇ ಕೆರೆಗೆ ಹೋದೆ. ನೀರುಗಂಟಿಯವರು ಒಂದು ಮಂಕರಿ ಹಿಡಿದು ಮುಳುಗಿ ಮುಳುಗಿ, ಕಣ್ಣಿನ ಸುತ್ತಲ ಮಣ್ಣನ್ನು ಕೈಯಲ್ಲಿ ಬಾಚಿ ಮೇಲೆ ತರುತ್ತಿದ್ದರು. ಹತ್ತು ಮುಳುಗಿಗೆ ಒಂದು ಮಂಕರಿ. ಒಮ್ಮೆ ಮೇಲೆ ಬಂದಾಗ ಅಂಗೈಯಿಂದ ರಕ್ತ ಸುರಿಯುತ್ತಿತ್ತು. ಮಂಕರಿಯಲ್ಲಿ ಸುರುಳಿ ಸುತ್ತಿದ ಬೈಂಡಿಂಗ್ ವೈರು. ಕೆಳಗಿನ ಮೆಟ್ಟಿಲಿನಲ್ಲಿ ಕಂಬಗಳಿಗೆ ಕಬ್ಬಿಣ ಕಟ್ಟುವವರು ಕತ್ತರಿಸಿ ಬಿಸಾಕಿದ್ದು.

"ಎಷ್ಟಿದೆ ಯಜಮಾನ್ರೇ?"

"ಎಂಟು ಬೆಳ್ಳು."

ಅವರು ಬೈದಿದ್ದರೆ ನನಗೆ ಉತ್ತರ ಗೊತ್ತಿತ್ತು. ಬೈಗುಳಕ್ಕೆ ಚೌಕಾಸಿ ಮಾಡಬಹುದು. ಅವರು ಪಂಚೆಯ ತುದಿ ಹರಿದು ಕೈಗೆ ಸುತ್ತಿಕೊಂಡು, ಮತ್ತೆ ಮಂಕರಿ ತೆಗೆದುಕೊಂಡರು. ನಾನು ನೀರಿಗಿಳಿದು ಮಂಕರಿ ಕಿತ್ತುಕೊಂಡೆ. "ಸಾಕು ಮೇಲೆ ಬನ್ನಿ. ಮೇಲಿಂದ ಬರೋದನ್ನ ನಿಲ್ಲಿಸ್ದೇ ಕೆಳಗೆ ಬಾಚಿ ಏನು ಪ್ರಯೋಜನ?" ಎಂದೆ. ಆ ಮಾತು ನನ್ನ ಬಾಯಿಂದ ಬಂದ ಮೇಲೆ, ಅದನ್ನು ಮಾಡುವ ಭಾರವೂ ನನ್ನದೇ ಆಯಿತು.

ಸೈಟ್ ಇಂಜಿನಿಯರ್ ನನಗಿಂತ ಚಿಕ್ಕವರು. ಒಳ್ಳೆಯ ಮನುಷ್ಯ. ಆದರೆ ಮೇಲಿನವರು ದಿನಾ ಫೋನ್ ಮಾಡಿ, ಹಡಗಿನಲ್ಲಿ ಯಂತ್ರ ಹೊರಟಾಯಿತು, ಮೂರು ಮೆಟ್ಟಿಲೂ ರೆಡಿ ಇರಬೇಕು ಎಂದು ಅವರ ಕುತ್ತಿಗೆ ಮೇಲೆ ಕೂತಿದ್ದರು. ಮೂರನೇ ಮೆಟ್ಟಿಲು ಕಡಿಯಲು ಬುಲ್ಡೋಜರ್ ಬಂದು ನಿಂತಿತ್ತು. ಅವರ ಹತ್ತಿರ ಹೋಗಿ ಕೆರೆ, ಒಟ್ಲು, ಮುದುಕರ ಕೈ ಎಂದು ಶುರುಮಾಡಿದರೆ ಕೆಲಸ ಆಗುವುದಿಲ್ಲ ಎಂದು ನನಗೆ ಗೊತ್ತಿತ್ತು. "ಸಾರ್, ಒಂದು ಅಳತೆ ತಗೋಬೇಕು, ನಿಮ್ಮ ಸ್ಟಾಫ್ ಕೋಲು ತಗೊಂಡು ಬನ್ನಿ" ಎಂದೆ. ಅಳತೆ ಎಂದರೆ ಇಂಜಿನಿಯರು ಬಂದೇ ಬರುತ್ತಾರೆ.

ಲಾರಿ ಟಯರಿನ ಟ್ಯೂಬಿನ ಮೇಲೆ ಕೂತು ತೂಬಿನ ಕಂಬದವರೆಗೆ ಹೋದೆವು. ಮೊದಲು ನೀರುಗಂಟಿಯವರು ಮುಳುಗಿ ಬಂದು, "ಎಂಟು ಬೆಳ್ಳು" ಎಂದರು. ಆಮೇಲೆ ಇಂಜಿನಿಯರ್ ಅಡಿ ಅಂಗುಲ ಬರೆದ ಆ ಉದ್ದನೆಯ ಕೋಲನ್ನು ಕಣ್ಣಿನ ಚಪ್ಪಡಿಯ ಮೇಲೆ ಊರಿ, ನೀರಿನ ಮಟ್ಟಕ್ಕೆ ಎಷ್ಟು ಎಂದು ಓದಿದರು. ಪಕ್ಕದ ಮಣ್ಣಿನ ಮೇಲೆ ಊರಿ ಮತ್ತೆ ಓದಿದರು. ನಿಂತ ನೀರೇ ಲೆವೆಲ್, ಬೇರೆ ಯಂತ್ರ ಬೇಕಿಲ್ಲ. ವ್ಯತ್ಯಾಸ ಸರಿಯಾಗಿ ಆರು ಅಂಗುಲ. ಎಂಟು ಬೆರಳೂ ಅಷ್ಟೇ.

"ಇವರ ಕೈ ಕ್ಯಾಲಿಬ್ರೇಟ್ ಆಗಿದೆ ಕಣ್ರೀ" ಎಂದರು ಇಂಜಿನಿಯರ್. ಮಳೆಗೆ ಮೊದಲು ಒಂದು ಮೊಳ, ಅಂದರೆ ಒಂದೂವರೆ ಅಡಿ ಇತ್ತು ಎಂದು ನಾನು ಹೇಳಿದಾಗ, "ಎರಡು ಮಳೆಗೆ ಒಂದಡಿ ಬಂದಿದೆಯಾ? ಇಲ್ಲೀವರೆಗೂ?" ಎಂದು ಮೆಲ್ಲಗೆ ಕೇಳಿದರು.

ದಡಕ್ಕೆ ಬಂದ ಮೇಲೆ ನನ್ನ ಮಾತು ಇಟ್ಟೆ. "ಸಾರ್, ಮೂರನೇ ಮೆಟ್ಟಿಲು ಈ ಮಳೆಗಾಲ ಮುಟ್ಟಲ್ಲ. ಹುಲ್ಲು ಹಾಗೇ ಇರಲಿ."

"ಡ್ರಾಯಿಂಗ್‌ನಲ್ಲಿ ಮೂರೂ ಇದೆ ಕಂಟ್ರಾಕ್ಟರ್ರೇ. ನಾನೇನು ಮಾಡ್ಲಿ?"

"ಮೊದಲು ಬರೋ ಯಂತ್ರ ಯಾವ ಶೆಡ್ಡಿಗೆ?"

"ಕೆಳಗಿಂದಕ್ಕೆ."

"ಆ ಶೆಡ್ಡಿನ ನೆಲ ಎತ್ತರ ಮಾಡೋಕೆ ಮಣ್ಣು ಎಲ್ಲಿಂದ ಬರುತ್ತೆ?"

"ಎರಡನೇ ಮೆಟ್ಟಿಲಿನ ಕಟಿಂಗಿಂದ."

"ಆ ಮಣ್ಣೇ ಈಗ ಕೆರೇಲಿ ಕೂತಿರೋದು. ಮೂರನೇದೂ ಕಡುದ್ರೆ ಅದೂ ಅಲ್ಲೇ ಹೋಗುತ್ತೆ. ಆಮೇಲೆ ನೆಲಕ್ಕೆ ಮಣ್ಣು ಸರ್ಜಾಪುರದ ಕಡೆಯಿಂದ ತರಿಸ್ತೀರಾ? ಕೆಳಗಿನ ಎರಡು ನಿಮ್ಮ ಟೈಮಿಗೆ ಮೊದಲೇ ಕೊಡ್ತೀನಿ. ಮೂರನೇದು ದೀಪಾವಳಿ ಆದ್ಮೇಲೆ. ನಿಂತಿರೋ ಬುಲ್ಡೋಜರ್ ನನ್ನ ತಲೆನೋವು, ನಿಮ್ದಲ್ಲ."

ಅವರು ಜೇಬಿನ ಪೆನ್ನು ತೆಗೆದು ನನ್ನ ಮುಂದೆ ಹಿಡಿದರು. "ಬರೆದುಕೊಡ್ತೀರಾ?" ಎಂದರು. ಅಲ್ಲೇ ಏರಿಯ ಮೇಲೆ ಕೂತು ಬರೆದುಕೊಟ್ಟೆ. ಹೊಸದಾಗಿ ಈ ಕಸುಬಿಗೆ ಬರುವವರಿಗೆ ಒಂದು ಮಾತು ಹೇಳುತ್ತೇನೆ. ಎದುರಿನವರು ಕಲ್ಲೆದೆಯವರು ಎಂದುಕೊಂಡು ಚೌಕಾಸಿಗೆ ಕೂರಬೇಡಿ. ಅವರ ಕತ್ತಿನ ಮೇಲೆ ಯಾರು ಕೂತಿದ್ದಾರೆ ಎಂದು ಮೊದಲು ನೋಡಿ. ಅವರು ತಮ್ಮ ಮೇಲಿನವರಿಗೆ ತೋರಿಸಲು ಒಂದು ಕಾರಣವನ್ನು ನೀವೇ ಕೈಗೆ ಕೊಟ್ಟರೆ ಅರ್ಧ ಕೆಲಸ ಮುಗಿಯುತ್ತದೆ.

ಕಡಿಯುವುದು ನಿಂತಿತು. ಆದರೆ ಆಗಲೇ ಕಡಿದಿದ್ದ ಎರಡು ಮೆಟ್ಟಿಲು ಬೋಳಾಗಿದ್ದವು. ಅದರ ನೀರನ್ನು ಎಲ್ಲಿ ಸುಸ್ತು ಮಾಡುವುದು? ನೀರುಗಂಟಿಯವರು ಬುಡದಲ್ಲೆಲ್ಲ ನಡೆದು, ಕಾಲುವೆಗೆ ಸೇರುವ ಮುಂಚೆ ಇದ್ದ ಒಂದೇ ಒಂದು ಸಮತಟ್ಟು ಜಾಗ ತೋರಿಸಿದರು. "ಇಲ್ಲೊಂದು ಮರಿ ಕೆರೆ ಮಾಡಿ ಸಾಮಿ. ದೊಡ್ಡ ಕೆರೆಗೆ ಏನೇನೈತೋ ಇದಕ್ಕೂ ಅಂಗೇ. ಏರಿ, ಕೋಡಿ, ಎಲ್ಲಾ. ನೀರು ಇಲ್ಲಿ ಮಲಗಿ ಎದ್ದು ಬರ್ಲಿ."

ಆ ಜಾಗದಲ್ಲಿ ನನ್ನ ಕೂಲಿಯವರ ಮೂವತ್ತು ಗುಡಿಸಲು ಇದ್ದವು.

ಅವರೆಲ್ಲ ಸೇಲಂ ಕಡೆಯಿಂದ ಬಂದವರು. ಅವರ ಮೇಸ್ತ್ರಿ ಒಬ್ಬ ಹೆಂಗಸು. ಗಂಡಸರ ಗುಂಪಿಗೂ ಅವಳೇ ಮೇಸ್ತ್ರಿ. ಇಡೀ ಬೆಂಗಳೂರಿನಲ್ಲಿ ನನ್ನನ್ನು ಚೌಕಾಸಿಯಲ್ಲಿ ಸೋಲಿಸಿದ ಕೆಲವೇ ಜನರಲ್ಲಿ ಒಬ್ಬಳು. ಗುಡಿಸಲು ಮೇಲೆ ಸಾಗಿಸಬೇಕು ಎಂದಾಗ, ಬಾಂಡ್ಲಿ ಕೆಳಗಿಟ್ಟು ಸೊಂಟದ ಮೇಲೆ ಕೈ ಇಟ್ಟಳು.

"ಯಾಕಣ್ಣಾ?"

"ಇಲ್ಲಿ ಗುಂಡಿ ತೆಗೀಬೇಕು. ಮಣ್ಣು ನಿಲ್ಲೋಕೆ."

"ಮಣ್ಣು ನಿಲ್ಲಕ್ಕೆ ಜಾಗ ಬೇಕು, ಮನುಷ್ಯ ನಿಲ್ಲಕ್ಕೆ ಬೇಡ್ವಾ? ಮೇಲೆ ಗಾಳಿ. ನೀರು ಹೊತ್ಕೊಂಡು ಮೇಲೆ ಹತ್ತಬೇಕು. ಹೋದ ವಾರ ತಾನೇ ಒಬ್ಬಳಿಗೆ ಹೆರಿಗೆ ಆಯ್ತು. ಮಗೂನ ಎತ್ಕೊಂಡು ಎಲ್ಲಿ ಕೂರ್ತಾಳೆ? ನಿಮ್ಮ ಆಫೀಸಲ್ಲಾ?"

ಅವಳು ಅಣಕಿಸಲೆಂದೇ ಅಂದಿದ್ದು. ನಾನು ಹೂಂ ಎಂದೆ. ಅವಳಿಗೇ ಆಶ್ಚರ್ಯವಾಯಿತು. ಆದರೆ ಅಷ್ಟಕ್ಕೇ ಬಿಡಲಿಲ್ಲ. ಆಫೀಸು ಬಾಣಂತಿಗೆ, ಸಾಮಾನು ಶೆಡ್ಡಿನ ತಗಡೆಲ್ಲ ಗುಡಿಸಲುಗಳ ಸೂರಿಗೆ, ಮೇಲಕ್ಕೆ ಒಂದು ನೀರಿನ ಪೈಪು, ಮತ್ತೆ ಸಾಗಿಸುವ ದಿನದ ಕೂಲಿ. ಎಲ್ಲಕ್ಕೂ ಹೂಂ ಎಂದೆ. "ಇಷ್ಟು ಬೇಗ ಒಪ್ಕೋತೀರಿ ಅಂದ್ರೆ ಗುಂಡಿ ಬಹಳ ಮುಖ್ಯ ಅನ್ಸುತ್ತೆ. ಮೊದಲೇ ಹೇಳಿದ್ರೆ ಇನ್ನೂ ಕೇಳ್ತಿದ್ದೆ" ಎಂದು ಬಾಂಡ್ಲಿ ಎತ್ತಿಕೊಂಡಳು.

ಒಂಬತ್ತು ದಿನದಲ್ಲಿ ಗುಂಡಿ ಮುಗಿಸಿದೆವು. ಮಾಡಿದ ಕ್ರಮ ಹೇಳುತ್ತೇನೆ, ಯಾರಿಗಾದರೂ ಉಪಯೋಗಕ್ಕೆ ಬರಲಿ. ಎಲ್ಲಕ್ಕಿಂತ ಮೊದಲು ಮೂರನೇ ಮೆಟ್ಟಿಲಿನ ಹುಲ್ಲುಗಾವಲ ಕೆಳಗೆ ಅಡ್ಡಲಾಗಿ ಒಂದು ಕಾಲುವೆ ತೆಗೆದು, ಮೇಲಿನ ತಿಳಿನೀರು ನಮ್ಮ ಕಡಿತಕ್ಕೆ ಬರದೆ ಪಕ್ಕದಿಂದಲೇ ಇಳಿದುಹೋಗುವಂತೆ ಮಾಡಿದೆವು. ತಿಳಿನೀರು ಕೆಂಪು ನೀರಿಗೆ ಸೇರಿತೆಂದರೆ ಎರಡೂ ಕೆಟ್ಟವು, ಗುಂಡಿಯೂ ಸಾಲುವುದಿಲ್ಲ. ಕಡಿದ ಓರೆಗಳ ಮೇಲೆ ರಾಗಿ ಹುಲ್ಲು ಹರಡಿ ಬಿದಿರಿನ ಗೂಟ ಹೊಡೆದೆವು. ಚರಂಡಿಯಲ್ಲಿ ಹತ್ತು ಹತ್ತು ಮಾರಿಗೆ ಒಂದೊಂದು ಮೊಣಕಾಲೆತ್ತರದ ಕಲ್ಲಿನ ಅಡ್ಡಕಟ್ಟೆ, ನಡುವೆ ತಗ್ಗು, ತುದಿಗಳು ಎರಡೂ ದಡದೊಳಕ್ಕೆ ಹೂತಂತೆ. ನೀರು ತಗ್ಗಿನಿಂದ ಇಳಿಯಬೇಕು, ಪಕ್ಕದಿಂದ ನುಸುಳಬಾರದು. ಗಾರೆಯವರು ಬಾಂಡ್ಲಿ ತೊಳೆಯಲು ಬೇರೆ ಗುಂಡಿ. ವೈರಿನ ಚೂರಿಗೆ ಒಂದು ಡ್ರಮ್ಮು. ಅದರ ಪಕ್ಕ ಒಂದು ದಿನ ನಾನೇ ನಿಂತುಕೊಂಡೆ.

ಕೊನೆಗೆ ಗುಂಡಿ, ಎದೆಮಟ್ಟ ಆಳ. ಅಗೆದ ಮಣ್ಣಿನಿಂದಲೇ ಕೆಳಗಡೆ ಏರಿ, ಒಂದೊಂದು ಗೇಣಿಗೆ ನೀರು ಚಿಮುಕಿಸಿ ದಿಮ್ಮಸು ಹೊಡೆದದ್ದು. ಏರಿಗಿಂತ ಎರಡಡಿ ತಗ್ಗಿನಲ್ಲಿ ಕಲ್ಲು ಹಾಸಿದ ಕೋಡಿ, ತುಂಬಿದ ನೀರು ತೆಳ್ಳಗೆ ಹರಿದು ಹೊರಗೆ ಹೋಗಲು.

ಕೃತ್ತಿಕೆ ಮಳೆಗೆ ಗುಂಡಿ ತುಂಬಿತು. ಕೋಡಿ ಹರಿಯಿತು. ನಾನು ಬೀಗಿದೆ. ನೀರುಗಂಟಿಯವರು ಬಂದು, ನೀರು ಒಳಬರುವ ಬಾಯಿಯಲ್ಲಿ ಒಂದು ಹೊಂಗೆ ಎಲೆ ಬಿಟ್ಟರು. ಅದು ನೆಟ್ಟಗೆ ತೇಲಿ, ಅವರು ಅಡಿಕೆ ಕತ್ತರಿಸಿ ಮುಗಿಸುವ ಮುಂಚೆಯೇ ಕೋಡಿ ದಾಟಿ ಹೋಯಿತು.

"ಮಲಗ್ಲೇ ಇಲ್ವಲ್ಲ ಸಾಮಿ ನೀರು. ಮುಂಬಾಗ್ಲಿಂದ ಬಂದು ಇತ್ತಿಲ ಬಾಗ್ಲಿಂದ ಓಯ್ತು."

ಅವರಂದಿದ್ದು ನಿಜ. ಅಷ್ಟು ದೊಡ್ಡ ಗುಂಡಿಯಲ್ಲಿ ನೀರು ಒಂದೇ ಗೆರೆ ಹಿಡಿದು ದಾಟುತ್ತಿತ್ತು. ಎರಡೂ ಪಕ್ಕ ಸುಮ್ಮನೆ ನಿಂತಿದ್ದವು. ಬಾಯಿ ಮತ್ತು ಕೋಡಿಯನ್ನು ಎದುರಾ ಎದುರು ಇಟ್ಟವನು ನಾನೇ. ಕೆರೆಯಲ್ಲಿ ಮುಳುಗಿ ಬಂದು ಅವರು ಹೇಳಿದ್ದು, "ನಾಕು ಬೆಳ್ಳು."

ಕೋಡಿ ಕಿತ್ತು ಬೇರೆ ಕಡೆ ಕಟ್ಟಲು ದಿನವಿರಲಿಲ್ಲ. ಬಿದಿರು ತಟ್ಟಿಗಳಿಗೆ ಗೋಣಿ ಹೊಲಿದು, ಗುಂಡಿಯೊಳಗೆ ಒಂದು ಎಡದಿಂದ, ಒಂದು ಬಲದಿಂದ, ಹೀಗೆ ನಾಲ್ಕು ಅಡ್ಡಗೋಡೆ ನಿಲ್ಲಿಸಿದೆವು. ನೀರು ಹಾವಿನ ಹಾಗೆ ತಿರುಗಿ ತಿರುಗಿ ಹೋಗಬೇಕು. ಕೋಡಿಯಿಂದ ಕಾಲುವೆವರೆಗಿನ ಜಾಗಕ್ಕೆ ಕೆರೆ ಅಂಗಳದಿಂದ ಗರಿಕೆಯ ಹೆಂಟೆ ತಂದು ಒತ್ತೊತ್ತಾಗಿ ಹೊದಿಸಿದೆವು. ಮತ್ತೆ ಎಲೆ ಬಿಟ್ಟಾಗ, ಅವರು ಎಲೆಯಡಿಕೆ ಮುಗಿಸಿ ಎದ್ದು ನಿಂತರೂ ಅದು ಮೂರನೇ ತಟ್ಟಿಯ ಹತ್ತಿರವೇ ಸುತ್ತುತ್ತಿತ್ತು.

ರೋಹಿಣಿ ಮಳೆ ಒಂದು ಮಧ್ಯಾಹ್ನ ಬಂತು. ಆ ವರ್ಷದ ದೊಡ್ಡ ಮಳೆ ಅದೇ. ಎದುರಿಗಿದ್ದವರು ಕಾಣಿಸುತ್ತಿರಲಿಲ್ಲ. ಎಲ್ಲರೂ ಗುಂಡಿಯ ಏರಿಯ ಮೇಲೆ ಗೋಣಿ ಹೊದ್ದು ನಿಂತಿದ್ದೆವು. ಅಡ್ಡಕಟ್ಟೆಗಳು ತಡೆದವು. ರಾಗಿ ಹುಲ್ಲು ಎರಡು ಕಡೆ ಜಾರಿತು, ಉಳಿದದ್ದು ನಿಂತಿತು. ಕೋಡಿಯಲ್ಲಿ ನೀರು ಹೋಗುತ್ತಿತ್ತು. ಕೆಂಪಗೇ ಇತ್ತು, ಆದರೆ ಕಾವಿಯ ಹಾಗಲ್ಲ, ಹಾಲು ಕಡಿಮೆ ಹಾಕಿದ ಟೀ ಹಾಗೆ.

ಆಗ ಮೇಸ್ತ್ರಿ ನನ್ನ ತೋಳು ಜಗ್ಗಿದಳು. "ಅಣ್ಣಾ, ಏರಿ ಆಚೆ ಕಡೆ ನೋಡಿ. ಒಳಗಿಂದ ಬರ್ತಾ ಇದೆ."

ಏರಿಯ ಹೊರಮೈಯಲ್ಲಿ ಮುಷ್ಟಿಗಾತ್ರದ ತೂತಿನಿಂದ ನೀರು ಚಿಮ್ಮುತ್ತಿತ್ತು. ಅವಳಿಗೆ ತಕ್ಷಣ ಹೊಳೆಯಿತು, ನನಗೆ ಹೊಳೆಯಲಿಲ್ಲ. "ಹೆಗ್ಗಣ" ಎಂದಳು. ಗುಡಿಸಲುಗಳಿದ್ದ ಜಾಗ. ಒಂದು ವರ್ಷ ಅಲ್ಲಿ ಅಕ್ಕಿ, ರಾಗಿ ಚೆಲ್ಲಿದೆ. ನೆಲದೊಳಗೆಲ್ಲ ಹೆಗ್ಗಣದ ಬಿಲ. ಅವನ್ನು ಅಗೆದು ತುಂಬದೆ ಅದರ ಮೇಲೇ ಏರಿ ಕಟ್ಟಿದ್ದೆ. ಏರಿ ಒಡೆದರೆ ಮೂರು ವಾರ ಹಿಡಿದಿಟ್ಟ ಮಣ್ಣೆಲ್ಲ ಒಂದೇ ಸಲ ಕೆರೆಗೆ. ನಾಲ್ಕು ಬೆರಳಲ್ಲ, ಕಣ್ಣು ಮುಚ್ಚಿ ಮೇಲೆ ಮೊಳ ನಿಲ್ಲುತ್ತಿತ್ತು.

ಹೊರಗಿನ ತೂತಿಗೆ ಕಲ್ಲು ತುರುಕಲು ನಾನು ಓಡಿದೆ. "ಆಚೆ ಮುಚ್ಬ್ಯಾಡಿ, ನೀರು ಏರಿ ಒಳಗೇ ತಿರುಗಿ ಅದನ್ನ ಕುಸಿಸ್ತದೆ" ಎಂದು ನೀರುಗಂಟಿಯವರು ಕೂಗಿ, ಗುಂಡಿಯೊಳಗೆ ಇಳಿದರು. ನಾನೂ ಇಳಿದೆ. ಎದೆಮಟ್ಟ ಕೆಸರು ನೀರಿನಲ್ಲಿ ಏರಿಯ ಒಳಮೈಗೆ ಕಾಲು ಉಜ್ಜಿಕೊಂಡು ನಡೆದೆವು. "ಕಾಲನ್ನ ಎಳೀತದೆ ನೋಡಿ, ಅಲ್ಲೇ" ಎಂದರು. ನನ್ನ ಎಡಗಾಲಿನ ಹಿಮ್ಮಡಿಯನ್ನು ಯಾರೋ ಹಿಡಿದು ಎಳೆದ ಹಾಗಾಯಿತು. ಮೇಲಿನಿಂದ ಮೇಸ್ತ್ರಿಯ ಹೆಂಗಸರು ಜೇಡಿ ಮತ್ತು ಹುಲ್ಲು ತುಳಿದು ತುಂಬಿದ ಚೀಲಗಳನ್ನು ಸಾಲಾಗಿ ಕೈ ದಾಟಿಸಿದರು. ಒಂದೊಂದನ್ನೂ ಕಾಲಿನಿಂದ ಒತ್ತಿ ಆ ಬಾಯಿಗೆ ಕೂರಿಸಿದೆವು. ಐದನೇ ಚೀಲಕ್ಕೆ ಎಳೆತ ನಿಂತಿತು. ಹೊರಗಿನ ಚಿಮ್ಮು ಸಣ್ಣಗಾಗಿ, ಜಿನುಗಾಗಿ, ನಿಂತಿತು. ಮಳೆ ಇನ್ನೂ ಸುರಿಯುತ್ತಲೇ ಇತ್ತು. ಇಂಜಿನಿಯರ್ ಕೊಡೆ ಹಿಡಿದು ಏರಿಯ ಮೇಲೆ ನಿಂತಿದ್ದವರು, ಕೊಡೆ ಬಿಸಾಕಿ ಚೀಲದ ಸಾಲಿನಲ್ಲಿ ಸೇರಿಕೊಂಡಿದ್ದು ನನಗೆ ಮೇಲೆ ಬಂದ ಮೇಲೆ ಗೊತ್ತಾಯಿತು.

ಮಾರನೆಯ ದಿನ ನೀರುಗಂಟಿಯವರು ಕೆರೆಯಲ್ಲಿ ಮುಳುಗಿ ಬಂದು ಎರಡು ಬೆರಳು ಎತ್ತಿ ತೋರಿಸಿದರು. ಎರಡು ಬೆರಳು ಉಳಿದಿದೆ.

ಗುಂಡಿಯ ಮಣ್ಣು ತೆಗೆದು ಮತ್ತೆ ಸೈಟಿಗೇ ಹೊರಿಸಿದೆ. ಬಿಲಗಳನ್ನೆಲ್ಲ ಅಗೆದು ಏರಿ ಮತ್ತೆ ಕಟ್ಟಿಸಿದೆ. ಗರಿಕೆ ಬೇರು ಬಿಟ್ಟು ಹಬ್ಬಿತು. ಮೃಗಶಿರಾ, ಆರಿದ್ರಾ, ಎರಡೂ ಸುರಿದವು. ಪ್ರತಿ ಮಳೆಯ ಮಾರನೇ ದಿನ ನಾನು ಏರಿಯ ಮೇಲೆ ಹೋಗಿ ಕಾಯುತ್ತಿದ್ದೆ. ಪ್ರತಿ ಸಲವೂ ಎರಡೇ ಬೆರಳು ಮೇಲೆದ್ದವು.

ಪುನರ್ವಸು ಹೊತ್ತಿಗೆ ತೂಬು ಎತ್ತುವ ದಿನ ನನ್ನನ್ನೂ ಕರೆದರು. ಊರಿನವರೆಲ್ಲ ಏರಿಯ ಆಚೆ, ಗಂಡಿಯ ಬಾಯಿಯ ಹತ್ತಿರ ನಿಂತಿದ್ದರು. ಯಾರೂ ನನ್ನ ಕಡೆ ನಗಲಿಲ್ಲ, ಅದು ನ್ಯಾಯವೇ. ನೀರುಗಂಟಿಯವರು ಕಂಬ ಹಿಡಿದು ನಿಂತು, ಕೋಲನ್ನು ಒಂದು ಗೇಣಿನಷ್ಟು ಮಾತ್ರ ಎತ್ತಿದರು. ಪೂರ್ತಿ ಎತ್ತಿದರೆ ರಭಸಕ್ಕೆ ಸುತ್ತಲ ಮಣ್ಣು ಕುಸಿದು ಒಳಗೆ ಬರುತ್ತದೆ. ಗಂಡಿಯಿಂದ ಮೊದಲು ಗಾಳಿ ಬಂತು. ಆಮೇಲೆ ಕೆಂಪಗೆ ಒಂದು ಬೊಗಸೆ ಕೆಸರು. ಮುಂದೆ ನಿಂತಿದ್ದವರು ಬಗ್ಗಿ ಗಂಡಿಯೊಳಗೆ ಇಣುಕಿದರು. ಕೆಸರು ತೆಳುವಾಯಿತು. ನೀರು ಬಂತು. ಕಾಲುವೆ ಹಿಡಿದು ಮೊದಲ ಒಟ್ಲಿನ ಮಡಿಗೆ ಹೋಗಿ ಮುಟ್ಟಿತು.

ಏರಿಯ ಮೇಲೆ ಬಂದು ಪಂಚೆ ಹಿಂಡಿಕೊಳ್ಳುತ್ತಾ ಅವರು ನನಗೆ ಹೇಳಿದ್ದು ಎರಡೇ ಮಾತು. "ಕೆರೇಲಿರೋ ನಿಮ್ ಮಣ್ಣು ಬೇಸ್ಗೇಲಿ ತೆಗೆಸ್ಕೊಡಿ. ಗುಂಡಿ ಮುಚ್ಬ್ಯಾಡಿ." ನಾನು ಚೌಕಾಸಿ ಮಾಡಲಿಲ್ಲ. ಆ ಗುಂಡಿಯ ಜಾಗದಲ್ಲಿ ಡ್ರಾಯಿಂಗ್ ಪ್ರಕಾರ ಸೈಕಲ್ ಸ್ಟ್ಯಾಂಡ್ ಬರಬೇಕಿತ್ತು. ಇಂಜಿನಿಯರ್ ಪೆನ್ಸಿಲ್ ತೆಗೆದು ಅದನ್ನು ಗೇಟಿನ ಪಕ್ಕಕ್ಕೆ ಎಳೆದರು.

ದೀಪಾವಳಿ ಕಳೆದು ಹತ್ತು ದಿನಕ್ಕೆ ಮೂರನೇ ಮೆಟ್ಟಿಲು ಕಡಿಯಲು ಬುಲ್ಡೋಜರ್ ಮತ್ತೆ ಬಂತು. ಇಂಜಿನಿಯರ್ ನಕ್ಷೆ ಹಿಡಿದು ನಿಂತಿದ್ದರು, ಮೇಸ್ತ್ರಿ ತನ್ನ ಜನ ಕಟ್ಟಿಕೊಂಡು ನಿಂತಿದ್ದಳು. ಮೋಡವಿರಲಿಲ್ಲ. ಡ್ರೈವರ್ ಎಂಜಿನ್ ಶುರುಮಾಡಿ, ಶುರು ಮಾಡ್ಲಾ ಎನ್ನುವಂತೆ ನನ್ನ ಮುಖ ನೋಡಿದ. ನಾನು ಹುಲ್ಲಿನ ಅಂಚಿನಲ್ಲಿ ಕೂತಿದ್ದ ನೀರುಗಂಟಿಯವರ ಮುಖ ನೋಡಿದೆ. ಅವರು ಮೊದಲು ಹಿಂಗಾರು ಮಳೆ ಬರುವ ಮೂಡಣ ದಿಕ್ಕು ನೋಡಿದರು, ಆಮೇಲೆ ಕೆಳಗಿನ ಗುಂಡಿ ನೋಡಿದರು.

"ಕಡೀಲಿ ಬಿಡಿ" ಎಂದರು.